ಶಾಸಕರಿಗೆ ಎರಡನೆಯ ಉದ್ಯೋಗ: ಕಾನೂನು ಎಲ್ಲಿ ತಡೆಯುತ್ತದೆ, ಎಲ್ಲಿ ಬಿಟ್ಟುಕೊಡುತ್ತದೆ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದೇನೆ. ಸಂಜೆ ಹೊತ್ತು ದುಡ್ಡು ತೆಗೆದುಕೊಂಡು ಮನೆಪಾಠ ಹೇಳಿದರೂ ನನಗೆ ನೋಟಿಸ್ ಬರುತ್ತದೆ. ಆದರೆ ನಾವು ಆರಿಸಿ ಕಳಿಸಿದವರಲ್ಲಿ ಒಬ್ಬರು ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಾರೆ, ಇನ್ನೊಬ್ಬರು ಕಾಲೇಜುಗಳನ್ನು ನಡೆಸುತ್ತಾರೆ, ಮತ್ತೊಬ್ಬರ ಮನೆತನಕ್ಕೆ ಗುತ್ತಿಗೆ ಕೆಲಸಗಳೇ ಆಧಾರ. ಸರ್ಕಾರದ ಸಂಬಳ ಪಡೆಯುತ್ತಲೇ ಇನ್ನೊಂದು ಉದ್ಯೋಗ ಮಾಡಲು ಇವರಿಗೆ ಕಾನೂನು ಅವಕಾಶ ಕೊಡುತ್ತದೆಯೇ? ತಪ್ಪಾಗಿದ್ದರೆ ನಮ್ಮಂಥವರು ಯಾರ ಬಾಗಿಲು ತಟ್ಟಬೇಕು?

ಉತ್ತರ: ಶಾಸಕರಾಗಲಿ ಸಂಸದರಾಗಲಿ ಇನ್ನೊಂದು ಉದ್ಯೋಗ ಮಾಡಬಾರದು ಎಂಬ ಸಾಮಾನ್ಯ ನಿಷೇಧ ನಮ್ಮ ಸಂವಿಧಾನದಲ್ಲೂ ಇಲ್ಲ, 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೂ ಇಲ್ಲ. ನೀವು ಹೆಸರಿಸಿದ ಮೂರು ಬಗೆಯ ಉದ್ಯೋಗಗಳಲ್ಲಿ ಮೊದಲ ಎರಡಕ್ಕೆ ಕಾನೂನಿನ ಅಡ್ಡಿ ಇಲ್ಲವೇ ಇಲ್ಲ ಎನ್ನಬಹುದು. ಮೂರನೆಯದಕ್ಕೆ ಅಡ್ಡಿ ಇದೆ, ಆದರೆ ಅದು ಎಷ್ಟು ಬಿಗಿ ಎಂಬುದು ಆ ವ್ಯಕ್ತಿ ಯಾವ ಸದನದ ಸದಸ್ಯರು, ಗುತ್ತಿಗೆ ಕೊಟ್ಟವರು ಯಾರು, ಕಾಗದದ ಮೇಲೆ ಯಾರ ಹೆಸರಿದೆ ಎಂಬುದರ ಮೇಲೆ ನಿಂತಿದೆ. ಈ ಉತ್ತರ ನಿಮಗೆ ಸಮಾಧಾನ ಕೊಡುವುದಿಲ್ಲವೆಂದು ಬಲ್ಲೆ. ಚುನಾವಣಾ ತಕರಾರುಗಳನ್ನು ಮತ್ತು ಸೇವಾ ನಿಯಮಗಳ ಪ್ರಕರಣಗಳನ್ನು ಧಾರವಾಡದ ಕೋರ್ಟುಗಳಲ್ಲಿ ಬಹುಕಾಲದಿಂದ ನಡೆಸುತ್ತ ಬಂದಿರುವ ನನಗೂ ಅದು ಸಮಾಧಾನ ಕೊಟ್ಟಿಲ್ಲ. ಆದರೆ ಅಸಮಾಧಾನ ಸರಿಯಾದ ಜಾಗಕ್ಕೆ ತಗುಲಬೇಕಾದರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಬಿಡಿಸಿ ನೋಡಬೇಕು.

ನಿಮ್ಮನ್ನು ಕಟ್ಟಿಹಾಕಿರುವುದು ಸೇವಾ ನಡತೆ ನಿಯಮಗಳು. ರಾಜ್ಯ ಸರ್ಕಾರಿ ನೌಕರರಿಗೆ ಈಗ 2021ರ ನಡತೆ ನಿಯಮಗಳು ಅನ್ವಯಿಸುತ್ತವೆ. ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರ ಅಥವಾ ಉದ್ಯೋಗದಲ್ಲಿ ತೊಡಗುವುದನ್ನು ಅವು ತಡೆಯುತ್ತವೆ. ನಿಮಗೂ ಸರ್ಕಾರಕ್ಕೂ ಇರುವುದು ಯಜಮಾನ–ನೌಕರರ ಸಂಬಂಧ, ಆದ್ದರಿಂದ ನಿಮ್ಮ ಸಮಯದ ಮೇಲೆ ಸರ್ಕಾರಕ್ಕೆ ಹಕ್ಕಿದೆ. ಶಾಸಕರಿಗೆ ಅಂಥ ಯಜಮಾನರಿಲ್ಲ. 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿದ ತಿದ್ದುಪಡಿಯಂತೆ ಶಾಸಕರ ವೇತನ ತಿಂಗಳಿಗೆ 40 ಸಾವಿರ ರೂಪಾಯಿಯಿಂದ 80 ಸಾವಿರಕ್ಕೆ ಏರಿತು, ಭತ್ಯೆಗಳು ಬೇರೆ. ಆದರೂ ಈ ಹಣ ಪಡೆದ ಮಾತ್ರಕ್ಕೆ ಅವರು ಸರ್ಕಾರದ ನೌಕರರಾಗುವುದಿಲ್ಲ. ಅವರ ಹಾಜರಾತಿಯ ಬಗ್ಗೆ ಸಂವಿಧಾನ ಹೇಳುವುದು ಒಂದೇ ಮಾತು: ಸದನದ ಅನುಮತಿಯಿಲ್ಲದೆ 60 ದಿನಗಳ ಕಾಲ ಎಲ್ಲ ಸಭೆಗಳಿಗೂ ಗೈರಾದರೆ ಆ ಸ್ಥಾನ ತೆರವಾಯಿತೆಂದು ಸದನ ಘೋಷಿಸಬಹುದು ಎನ್ನುತ್ತದೆ 190ನೆಯ ವಿಧಿ. ಅದರಲ್ಲೂ ಅಧಿವೇಶನ ಮುಕ್ತಾಯಗೊಂಡ ಅವಧಿಯನ್ನು, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಕಾಲ ಸದನ ಮುಂದೂಡಿದ ಅವಧಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹೀಗಾಗಿ ಸಮಯ ಕೊಡುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನಾದರೂ ಕಾನೂನಿನ ಮೂಲಕ ಮನೆಗೆ ಕಳಿಸುವುದು ಆಗದ ಮಾತು. ಆ ತೀರ್ಪು ಮತದಾರರಿಗೇ ಬಿಟ್ಟದ್ದು, ಬಿಟ್ಟಿರುವುದೂ ಸರಿಯೆಂದು ನಾನು ಭಾವಿಸುತ್ತೇನೆ.

ಸಂವಿಧಾನ ನಿಜವಾಗಿ ಹೆದರಿದ್ದು ಬೇರೆಯದಕ್ಕೆ. ಸರ್ಕಾರವನ್ನು ಪ್ರಶ್ನಿಸಬೇಕಾದ ಪ್ರತಿನಿಧಿಗೆ ಅದೇ ಸರ್ಕಾರ ಒಂದು ಹುದ್ದೆ ಕೊಟ್ಟು ಬಾಯಿ ಮುಚ್ಚಿಸಿದರೆ ಹೇಗೆ ಎಂಬ ಹೆದರಿಕೆ ಅದು. ಇಂಗ್ಲೆಂಡಿನಲ್ಲಿ ದೊರೆಗಳು ಸಂಸದರಿಗೆ ಹುದ್ದೆ ಹಂಚಿ ಒಲಿಸಿಕೊಳ್ಳುತ್ತಿದ್ದ ಕಾಲದಲ್ಲಿ, 1701ರ ಉತ್ತರಾಧಿಕಾರ ಕಾಯ್ದೆಯಷ್ಟು ಹಿಂದೆಯೇ ಇದಕ್ಕೊಂದು ತಡೆ ಹಾಕುವ ಯತ್ನ ನಡೆಯಿತು. ನಮ್ಮ ಸಂವಿಧಾನದ 102ನೆಯ ವಿಧಿ ಸಂಸದರಿಗೆ, 191ನೆಯ ವಿಧಿ ಶಾಸಕರಿಗೆ ಇದನ್ನೇ ಹೇಳುತ್ತವೆ: ಕೇಂದ್ರ ಅಥವಾ ರಾಜ್ಯ ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆ ಹೊಂದಿದವರು ಅನರ್ಹರು. 2006ರಲ್ಲಿ ಜಯಾ ಬಚ್ಚನ್ ಅವರ ರಾಜ್ಯಸಭಾ ಸದಸ್ಯತ್ವ ಹೋದದ್ದು ಇದೇ ಕಾರಣಕ್ಕೆ. ಅವರು ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷೆಯಾಗಿದ್ದರು. ಗೌರವಧನವನ್ನು ತಾವು ಪಡೆದೇ ಇಲ್ಲ ಎಂಬ ಅವರ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಣ ಕೈಸೇರಿತೋ ಇಲ್ಲವೋ ಎಂಬುದು ಮುಖ್ಯವಲ್ಲ, ಆ ಹುದ್ದೆಯಿಂದ ಹಣ ಬರಲು ಸಾಧ್ಯವಿತ್ತೇ ಎಂಬುದೇ ಮುಖ್ಯ ಎಂದಿತು.

ಆದರೆ ಇದೇ ವಿಧಿಗಳಲ್ಲಿ ಇನ್ನೊಂದು ಮಾತೂ ಇದೆ: ಶಾಸನಸಭೆ ಬಯಸಿದರೆ ಯಾವುದೇ ಹುದ್ದೆಗೆ ಕಾನೂನಿನ ಮೂಲಕ ವಿನಾಯಿತಿ ಕೊಡಬಹುದು. ಸಂಸತ್ತಿಗೆ 1959ರ ಕಾಯ್ದೆ ಇದೆ, ಕರ್ನಾಟಕಕ್ಕೆ 1956ರ ಅನರ್ಹತಾ ನಿವಾರಣಾ ಕಾಯ್ದೆ ಇದೆ. 2006ರಲ್ಲಿ ಸಂಸತ್ತು ಹಲವು ಹುದ್ದೆಗಳಿಗೆ ಒಟ್ಟಾಗಿ ವಿನಾಯಿತಿ ಕೊಟ್ಟಾಗ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಮಸೂದೆಯನ್ನು ಮರುಪರಿಶೀಲನೆಗೆ ಹಿಂದಿರುಗಿಸಿದ್ದರು. ಸಂಸತ್ತು ಅದನ್ನೇ ಮತ್ತೆ ಅಂಗೀಕರಿಸಿತು, ಅವರು ಅಂಕಿತ ಹಾಕಬೇಕಾಯಿತು. ನಮ್ಮಲ್ಲಿ 2024ರ ಜನವರಿಯಲ್ಲಿ ಮೂವತ್ತಕ್ಕೂ ಹೆಚ್ಚು ಶಾಸಕರನ್ನು ನಿಗಮ–ಮಂಡಳಿಗಳ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಹಿಂದಿನ ಸರ್ಕಾರಗಳೂ ಇದನ್ನೇ ಮಾಡಿದ್ದವು. ಸಚಿವ ಸ್ಥಾನ ಸಿಗದವರಿಗೆ ನಿಗಮ ಕೊಟ್ಟು ಸಮಾಧಾನ ಮಾಡುವುದು ಎಂದು ಪತ್ರಿಕೆಗಳು ಬಹಿರಂಗವಾಗಿಯೇ ಬರೆಯುತ್ತವೆ, ಯಾರೂ ಅಲ್ಲಗಳೆಯುವುದಿಲ್ಲ. ಸಂವಿಧಾನ ಯಾವ ಅಪಾಯವನ್ನು ಊಹಿಸಿ ಬಾಗಿಲು ಹಾಕಿತ್ತೋ ಅದೇ ಅಪಾಯಕ್ಕೆ ಕಾನೂನಿನ ಮುದ್ರೆ ಒತ್ತಿ ಒಳಗೆ ಬಿಟ್ಟುಕೊಂಡಂತಾಗಿದೆ. ಪಕ್ಷ ಯಾವುದಾದರೂ ಇರಲಿ, ಇದು ನನಗೆ ಒಪ್ಪಿಗೆಯಾಗದ ಸಂಗತಿ.

ಈಗ ನಿಮ್ಮ ಪ್ರಶ್ನೆಯ ಅತಿ ಮುಖ್ಯ ಭಾಗಕ್ಕೆ, ಅಂದರೆ ಗುತ್ತಿಗೆಗೆ, ಬರೋಣ. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮಿನ ಪ್ರಕಾರ, ಸಂಬಂಧಪಟ್ಟ ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಅದರ ಕಾಮಗಾರಿ ನಡೆಸುವ ಒಪ್ಪಂದವನ್ನು ತನ್ನ ವ್ಯಾಪಾರದ ಭಾಗವಾಗಿ ಮಾಡಿಕೊಂಡು, ಆ ಒಪ್ಪಂದ ಇನ್ನೂ ಜಾರಿಯಲ್ಲಿದ್ದರೆ, ಅಂಥ ವ್ಯಕ್ತಿ ಶಾಸಕನಾಗಲು ಅನರ್ಹ. ಓದಲು ಬಿಗಿಯಾಗಿಯೇ ಕಾಣುವ ಈ ವಾಕ್ಯದ ಒಂದೊಂದು ಪದವನ್ನು ಹಿಡಿದು ನೋಡಿದರೆ ಮಾತ್ರ ಎಷ್ಟೊಂದು ಸಂದಿಗಳಿವೆ ಎಂಬುದು ತಿಳಿಯುತ್ತದೆ.

ರಾಣೆಬೆನ್ನೂರಿನ ಕಡೆಯ ಗುತ್ತಿಗೆದಾರರೊಬ್ಬರು ಲೋಕೋಪಯೋಗಿ ಇಲಾಖೆಯ ರಸ್ತೆ ಕೆಲಸ ಹಿಡಿದಿದ್ದಾರೆ, ಈ ಸಲ ಚುನಾವಣೆಗೂ ನಿಲ್ಲಬೇಕೆಂದಿದ್ದಾರೆ ಎಂದು ಇಟ್ಟುಕೊಳ್ಳಿ. ನಾಮಪತ್ರ ಪರಿಶೀಲನೆಯ ದಿನ ಆ ರಸ್ತೆಯ ಕೆಲಸ ನಡೆಯುತ್ತಿದ್ದರೆ ಅವರ ನಾಮಪತ್ರ ತಿರಸ್ಕೃತವಾಗಬೇಕು. ಆದರೆ ಅಷ್ಟರೊಳಗೆ ಡಾಂಬರು ಹಾಕಿ, ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಕೊನೆಯ ಅಳತೆ ಬರೆದು, ಗುತ್ತಿಗೆದಾರರ ಪಾಲಿನ ಕೆಲಸವೆಲ್ಲ ಮುಗಿದಿದ್ದರೆ, ಕೋಟಿ ರೂಪಾಯಿಯ ಬಿಲ್ಲು ಸರ್ಕಾರದಲ್ಲಿ ಬಾಕಿ ಉಳಿದಿದ್ದರೂ ಅವರು ಅನರ್ಹರಲ್ಲ. ಗುತ್ತಿಗೆದಾರ ತನ್ನ ಭಾಗವನ್ನು ಪೂರ್ಣವಾಗಿ ನೆರವೇರಿಸಿದ್ದಾಗ, ಸರ್ಕಾರ ತನ್ನ ಭಾಗವನ್ನು ನೆರವೇರಿಸಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಜಾರಿಯಲ್ಲಿದೆ ಎನ್ನುವಂತಿಲ್ಲ ಎಂದು ಆ ಕಲಮಿನ ವಿವರಣೆಯೇ ಹೇಳುತ್ತದೆ. ಸರ್ಕಾರ ಹಣ ಕೊಡದಿದ್ದ ತಪ್ಪಿಗೆ ಗುತ್ತಿಗೆದಾರನ ಹಕ್ಕು ಹೋಗಬಾರದು ಎಂಬ ನ್ಯಾಯ ಇದರಲ್ಲಿದೆ, ಒಪ್ಪುತ್ತೇನೆ. ಆದರೆ ಆತ ಗೆದ್ದ ಮೇಲೆ, ತನಗೆ ಕೋಟಿ ರೂಪಾಯಿ ಕೊಡಬೇಕಾದ ಇಲಾಖೆಯ ಅನುದಾನದ ಬೇಡಿಕೆಯ ಮೇಲೆ ಸದನದಲ್ಲಿ ಮಾತಾಡುವಾಗ ಅವನ ಮನಸ್ಸು ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಆ ವಿವರಣೆಯಲ್ಲಿ ಉತ್ತರವಿಲ್ಲ.

ಇನ್ನು ಸಂಬಂಧಪಟ್ಟ ಸರ್ಕಾರ ಎಂದರೆ ಯಾವುದು? ಸಂಸದರಿಗಾದರೆ ಕೇಂದ್ರ, ಶಾಸಕರಿಗಾದರೆ ರಾಜ್ಯ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಇಲ್ಲಿನ ಶಾಸಕರೊಬ್ಬರು ರೈಲ್ವೆಯ ಕಾಮಗಾರಿಯನ್ನು ಸ್ವಂತ ಹೆಸರಿನಲ್ಲೇ ಹಿಡಿದರೂ ಅದು ಕೇಂದ್ರ ಸರ್ಕಾರದೊಂದಿಗಿನ ಒಪ್ಪಂದವಾದ್ದರಿಂದ 9ಎ ಅವರನ್ನು ಮುಟ್ಟುವುದಿಲ್ಲ. ಮಹಾನಗರ ಪಾಲಿಕೆ ಕಾನೂನಿನ ಕಣ್ಣಿನಲ್ಲಿ ಸರ್ಕಾರಕ್ಕಿಂತ ಬೇರೆಯಾದ ಸಂಸ್ಥೆಯಾದ್ದರಿಂದ ಪಾಲಿಕೆಯ ಗುತ್ತಿಗೆಯೂ ಸಾಮಾನ್ಯವಾಗಿ ಈ ಕಲಮಿನ ಹೊರಗೇ ಉಳಿಯುತ್ತದೆ. ಸರಕು ಮತ್ತು ಕಾಮಗಾರಿ ಎಂದಷ್ಟೇ ಕಲಮಿನಲ್ಲಿ ಇರುವುದರಿಂದ ಸಲಹಾ ಸೇವೆಯಂಥ ಒಪ್ಪಂದಗಳಿಗೆ ಅದು ಅನ್ವಯಿಸದು. ಎಲ್ಲಕ್ಕಿಂತ ದೊಡ್ಡ ಸಂದಿ ಎಂದರೆ, ಒಪ್ಪಂದವನ್ನು ‘ಅವನೇ’ ಮಾಡಿಕೊಂಡಿರಬೇಕು ಎಂಬ ಷರತ್ತು. ಮಗನ ಹೆಸರಿನಲ್ಲಿ, ಹೆಂಡತಿಯ ಹೆಸರಿನಲ್ಲಿ, ಅಳಿಯನ ಹೆಸರಿನಲ್ಲಿ ಗುತ್ತಿಗೆ ಇದ್ದರೆ, ಒಪ್ಪಂದದ ನಿಜವಾದ ಕರ್ತೃ ಶಾಸಕರೇ ಎಂದು ಸಾಕ್ಷ್ಯದ ಮೂಲಕ ತೋರಿಸದ ಹೊರತು ಈ ಕಲಮು ಕೆಲಸ ಮಾಡುವುದಿಲ್ಲ, ಮತ್ತು ಅಂಥ ಸಾಕ್ಷ್ಯ ಸಾಮಾನ್ಯ ಮತದಾರನ ಕೈಗೆ ಸಿಗುವುದು ಎಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಕೆಳಹಂತದ ಪ್ರತಿನಿಧಿಗಳ ಕಾನೂನಿನ ಜೊತೆ ಇಟ್ಟು ನೋಡಿ. ಹುಬ್ಬಳ್ಳಿ–ಧಾರವಾಡ ಪಾಲಿಕೆಯ 82 ವಾರ್ಡುಗಳ ಸದಸ್ಯರಿಗೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 26ನೆಯ ಕಲಮು ಅನ್ವಯಿಸುತ್ತದೆ. ಪಾಲಿಕೆಯ ಯಾವುದೇ ಕೆಲಸದಲ್ಲಿ ಅಥವಾ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ, ತಾನಾಗಿಯಾಗಲಿ ಪಾಲುದಾರನ ಮೂಲಕವಾಗಲಿ ಹಿತಾಸಕ್ತಿ ಹೊಂದಿದವರು ಸದಸ್ಯರಾಗಿರಲು ಅನರ್ಹರು ಎನ್ನುತ್ತದೆ ಅದು. ಗದಗ–ಬೆಟಗೇರಿ, ಹಾವೇರಿ, ರಾಣೆಬೆನ್ನೂರಿನಂಥ ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆಯ 16ನೆಯ ಕಲಮು ಇದೆ, ಗ್ರಾಮ ಪಂಚಾಯಿತಿಗಳಿಗೆ 1993ರ ಕಾಯ್ದೆಯ 12ನೆಯ ಕಲಮು ಇದೆ. ಪರೋಕ್ಷ ಹಿತಾಸಕ್ತಿಯನ್ನೂ ಹಿಡಿಯುವ ಉದ್ದೇಶ ಅಲ್ಲೂ ಇದೆ. ಈ ಕಲಮುಗಳು ಪುಸ್ತಕದಲ್ಲಷ್ಟೇ ಉಳಿದಿಲ್ಲ. ಬೆಳಗಾವಿಯಲ್ಲಿ ಪಾಲಿಕೆಗೆ ಸೇರಿದ ತಿನಿಸು ಕಟ್ಟೆಯ ಮಳಿಗೆಗಳು ಇಬ್ಬರು ಸದಸ್ಯರ ಪತ್ನಿಯರ ಹೆಸರಿನಲ್ಲಿ ಇದ್ದವೆಂಬ ಕಾರಣಕ್ಕೆ, 2025ರ ಫೆಬ್ರುವರಿಯಲ್ಲಿ ಪ್ರಾದೇಶಿಕ ಆಯುಕ್ತರು ಆ ಇಬ್ಬರನ್ನೂ ಅನರ್ಹಗೊಳಿಸಿ ಆದೇಶ ಹೊರಡಿಸಿದರು. ವಿವಾದ ಮುಂದೆ ಸರ್ಕಾರಕ್ಕೂ ಹೈಕೋರ್ಟಿಗೂ ಹೋಯಿತು. ಆ ಪ್ರಕರಣದ ಸರಿತಪ್ಪುಗಳನ್ನು ನಾನು ಇಲ್ಲಿ ತೂಗುತ್ತಿಲ್ಲ. ಆದರೆ ಪತ್ನಿಯ ಹೆಸರಿನ ಒಂದು ತಿಂಡಿ ಅಂಗಡಿಗಾಗಿ ಪಾಲಿಕೆ ಸದಸ್ಯರು ಸ್ಥಾನ ಕಳೆದುಕೊಳ್ಳುವ ಭಯದಲ್ಲಿ ನಿಲ್ಲಬೇಕಾದ ಕಾನೂನಿನ ಪಕ್ಕದಲ್ಲೇ, ಪತ್ನಿಯ ಹೆಸರಿನ ಕೋಟ್ಯಂತರ ರೂಪಾಯಿಯ ನೀರಾವರಿ ಗುತ್ತಿಗೆಗೆ ಶಾಸಕರು ಉತ್ತರ ಕೊಡಬೇಕಾಗಿಲ್ಲ ಎಂಬ ಕಾನೂನೂ ಇದೆ. ಹುದ್ದೆ ಮೇಲೇರಿದಂತೆ ಕಟ್ಟು ಸಡಿಲವಾಗುತ್ತ ಹೋಗಿದೆ. ನಿಮ್ಮ ಸಿಟ್ಟಿಗೆ ನಿಜವಾದ ಗುರಿ ಇದೇ ಆಗಬೇಕೆಂದು ನಾನು ಹೇಳುತ್ತೇನೆ: ಶಾಸಕರಿಗೆ ಇನ್ನೊಂದು ಉದ್ಯೋಗ ಇದೆ ಎಂಬುದಲ್ಲ, ಆ ಉದ್ಯೋಗಕ್ಕೆ ಹಣ ಕೊಡುವವರ ಕುರಿತು ನಿರ್ಧಾರ ತೆಗೆದುಕೊಳ್ಳುವ ಕುರ್ಚಿಯಲ್ಲೂ ಅವರೇ ಕುಳಿತಿರುತ್ತಾರೆ ಎಂಬುದು.

ನಮ್ಮ ಭಾಗದಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ, ಅದು ಸಹಕಾರ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸಮೀಪದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆ ಪರಂಪರೆಯ ಬಲದಿಂದಲೇ ಇಲ್ಲಿ ಪ್ರಾಥಮಿಕ ಸಂಘದಿಂದ ಹಿಡಿದು ಧಾರವಾಡದ ಕೆ.ಸಿ.ಸಿ. ಬ್ಯಾಂಕಿನವರೆಗೆ, ಹಾಲು ಒಕ್ಕೂಟದಿಂದ ಹಿಡಿದು ನಗರ ಸಹಕಾರ ಬ್ಯಾಂಕುಗಳವರೆಗೆ ದೊಡ್ಡದೊಂದು ಜಾಲ ಬೆಳೆದಿದೆ, ಮತ್ತು ಅದರ ಆಡಳಿತ ಮಂಡಳಿಗಳ ಚುನಾವಣೆಗಳು ವಿಧಾನಸಭೆಯ ಚುನಾವಣೆಯಷ್ಟೇ ಹುರುಪಿನಿಂದ ನಡೆಯುತ್ತವೆ. ಸರ್ಕಾರ ಶೇ 25ಕ್ಕೆ ಕಡಿಮೆಯಿಲ್ಲದ ಬಂಡವಾಳ ಹೂಡಿದ ಕಂಪನಿಯಲ್ಲಿ ವ್ಯವಸ್ಥಾಪಕ ಅಥವಾ ಕಾರ್ಯದರ್ಶಿಯಾದವರು ಅನರ್ಹರು ಎನ್ನುವ ಪ್ರಜಾಪ್ರತಿನಿಧಿ ಕಾಯ್ದೆಯ 10ನೆಯ ಕಲಮು, ಸಹಕಾರ ಸಂಘಗಳನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ. ರೈತರ ಮುಂದಾಳುಗಳು ಶಾಸನಸಭೆಗೆ ಬರಲು ಅಡ್ಡಿಯಾಗಬಾರದು ಎಂಬುದು ಆ ಕಾಲಕ್ಕೆ ಒಳ್ಳೆಯ ಆಲೋಚನೆಯಾಗಿತ್ತು. ಇವತ್ತು ಬೆಳೆಸಾಲ ಯಾವ ಸಂಘಕ್ಕೆ ಎಷ್ಟು ಹೋಗಬೇಕು, ಹಾಲಿನ ದರ ಎಷ್ಟಿರಬೇಕು, ಸಾಲ ಮನ್ನಾದ ಹಣ ಯಾವಾಗ ಬಿಡುಗಡೆಯಾಗಬೇಕು ಎಂಬ ನಿರ್ಧಾರಗಳು ಒಂದು ಕಡೆ ಸರ್ಕಾರದಲ್ಲಿ, ಇನ್ನೊಂದು ಕಡೆ ಈ ಮಂಡಳಿಗಳಲ್ಲಿ ಆಗುತ್ತವೆ. ಎರಡೂ ಕಡೆ ಒಬ್ಬರೇ ಕುಳಿತರೆ ಲೆಕ್ಕ ಕೇಳುವವರು ಯಾರು? ಇಲ್ಲಿ ಸ್ವಲ್ಪ ಬಿಗಿ ತಂದದ್ದು ರಿಸರ್ವ್ ಬ್ಯಾಂಕ್. ನಗರ ಸಹಕಾರ ಬ್ಯಾಂಕುಗಳ ವ್ಯವಸ್ಥಾಪಕ ನಿರ್ದೇಶಕ ಹಾಗೂ ಪೂರ್ಣಾವಧಿ ನಿರ್ದೇಶಕ ಹುದ್ದೆಗಳಲ್ಲಿ ಸಂಸದರು, ಶಾಸಕರು, ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಇರಬಾರದೆಂದು 2021ರ ಜೂನ್‌ನಲ್ಲಿ ಅದು ನಿರ್ದೇಶನ ಕೊಟ್ಟಿತು. ಚುನಾಯಿತ ನಿರ್ದೇಶಕರಾಗಿ ಮಂಡಳಿಯಲ್ಲಿ ಇರುವುದಕ್ಕೆ ಆ ನಿರ್ದೇಶನ ಅಡ್ಡಬರುವುದಿಲ್ಲ.

ವ್ಯಾಪಾರದ ವಿಷಯವೂ ಹೀಗೆಯೇ. 2024ರ ಮಾರ್ಚ್‌ನಲ್ಲಿ ಒಣಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದ್ದು ನಿಮಗೆ ನೆನಪಿರಬಹುದು. ಅಂಥ ದಿನ ರೈತ ಓಡಿಬರುವುದು ತನ್ನ ಪ್ರತಿನಿಧಿಯ ಬಳಿಗೆ. ಆ ಪ್ರತಿನಿಧಿಗೇ ಮಾರುಕಟ್ಟೆಯಲ್ಲಿ ಅಡತಿ ಅಂಗಡಿಯೋ ಶೈತ್ಯಾಗಾರವೋ ಇದ್ದರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರ ಮಾತನ್ನು ರೈತ ಪೂರ್ತಿಯಾಗಿ ನಂಬುವುದು ಕಷ್ಟ. ಯಾವುದೇ ಒಬ್ಬರ ಮೇಲೆ ಬೆರಳು ಮಾಡಲು ಈ ಮಾತು ಹೇಳುತ್ತಿಲ್ಲ. ಕಾನೂನಿನಲ್ಲಿ ಇದಕ್ಕೆ ತಡೆಯಿಲ್ಲ, ತಡೆ ಹಾಕುವುದೂ ಸುಲಭವಲ್ಲ. ಆದರೆ ಆ ಅಂಗಡಿ ಯಾರದೆಂಬುದು ರೈತನಿಗೆ ಮೊದಲೇ ಗೊತ್ತಿರಬೇಕು.

ವಕೀಲಿಯ ಬಗ್ಗೆ ನೀವು ಕೇಳಿದ್ದಕ್ಕೆ ಸುಪ್ರೀಂ ಕೋರ್ಟಿನ ಸ್ಪಷ್ಟ ಉತ್ತರ 2018ರ ಸೆಪ್ಟೆಂಬರ್ 25ರಂದು ಬಂತು. ಅಶ್ವಿನಿ ಕುಮಾರ್ ಉಪಾಧ್ಯಾಯ ಅವರ ಅರ್ಜಿಯ ಮೇಲೆ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರಿದ್ದ ಪೀಠ, ಶಾಸಕರು ಮತ್ತು ಸಂಸದರು ವಕೀಲಿ ಮಾಡುವುದನ್ನು ತಡೆಯುವ ನಿಯಮ ಯಾವುದೂ ಇಲ್ಲ ಎಂದಿತು. ಪೂರ್ಣಾವಧಿ ಸಂಬಳದ ನೌಕರ ವಕೀಲಿ ಮಾಡುವಂತಿಲ್ಲ ಎನ್ನುವ ವಕೀಲರ ಪರಿಷತ್ತಿನ 49ನೆಯ ನಿಯಮ ಅವರಿಗೆ ಅನ್ವಯಿಸದು, ಏಕೆಂದರೆ ಅವರು ಯಾರ ನೌಕರರೂ ಅಲ್ಲ. ಅದೇ ಕೋರ್ಟು 1996ರಲ್ಲಿ, ವೈದ್ಯರೊಬ್ಬರು ವೈದ್ಯ ವೃತ್ತಿ ನಡೆಸುತ್ತಲೇ ವಕೀಲರಾಗಲು ಬಯಸಿದಾಗ, ವಕೀಲಿ ಎಂದರೆ ಪೂರ್ಣ ಗಮನ ಬೇಡುವ ವೃತ್ತಿ ಎಂದು ಹೇಳಿ ಅವಕಾಶ ನಿರಾಕರಿಸಿತ್ತು. ವೈದ್ಯನಿಗೆ ಸಾಲದ ಸಮಯ ಶಾಸಕನಿಗೆ ಸಾಲುತ್ತದೆಯೇ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ, ಆದರೆ 2018ರ ತೀರ್ಪು ಇಂದು ಕಾನೂನು.

ಮತ್ತು ಆ ತೀರ್ಪನ್ನು ನಾನು ವಿರೋಧಿಸುವುದಿಲ್ಲ. ನಮ್ಮ ನಾಡಿನ ಸಾರ್ವಜನಿಕ ಜೀವನ ಕಟ್ಟಿದವರಲ್ಲಿ ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿ ಅವರಿಂದ ಹಿಡಿದು ಎಸ್.ಆರ್. ಬೊಮ್ಮಾಯಿ ಅವರವರೆಗೆ ಕೋರ್ಟಿನಿಂದ ಸಭೆಗೆ ಬಂದವರು ಅನೇಕರು. ಕೈಯಲ್ಲಿ ಒಂದು ವೃತ್ತಿ ಇದ್ದವನಿಗೆ ಪಕ್ಷದ ಹಿರಿಯರ ಮುಂದೆ ಕೈಕಟ್ಟಿ ನಿಲ್ಲುವ ಅಗತ್ಯ ಕಡಿಮೆ. ಟಿಕೆಟ್ ತಪ್ಪಿದರೆ ಮರುದಿನ ತನ್ನ ಕೆಲಸಕ್ಕೆ ಹಿಂದಿರುಗಬಹುದು ಎಂಬ ಧೈರ್ಯ ಸದನದಲ್ಲಿ ಸ್ವತಂತ್ರವಾಗಿ ಮಾತಾಡಲು ಬೇಕಾಗುತ್ತದೆ. ಅಣ್ಣಿಗೇರಿಯ ಕಡೆ ಹೊಲಿಗೆ ಯಂತ್ರ ಇಟ್ಟುಕೊಂಡು ಮನೆ ನಡೆಸುವ ಪಂಚಾಯಿತಿ ಸದಸ್ಯೆಗೆ, ಗೌರವಧನವೆಂದು ತಿಂಗಳಿಗೆ ಬರುವ ಸ್ವಲ್ಪ ಹಣದಲ್ಲೇ ಬದುಕು ಎಂದರೆ, ಮುಂದಿನ ಸಲ ಆ ಸ್ಥಾನಕ್ಕೆ ಹೊಲ–ಮನೆ ಇದ್ದವರಷ್ಟೇ ನಿಲ್ಲುತ್ತಾರೆ. ಎರಡನೆಯ ಉದ್ಯೋಗವನ್ನು ಒಟ್ಟಾರೆಯಾಗಿ ನಿಷೇಧಿಸಿದರೆ ಆಸ್ತಿಯಿಂದ ಆದಾಯ ಬರುವವರಿಗೆ ಏನೂ ಆಗುವುದಿಲ್ಲ, ದುಡಿದು ತಿನ್ನುವವರು ಮಾತ್ರ ಹೊರಗುಳಿಯುತ್ತಾರೆ. ಈ ಕಾರಣಕ್ಕಾಗಿಯೇ ಸಂಪೂರ್ಣ ನಿಷೇಧದ ಬೇಡಿಕೆಗೆ ನನ್ನ ಒಪ್ಪಿಗೆ ಇಲ್ಲ. ವೈದ್ಯರಾದ ಶಾಸಕರು ಬೆಳಿಗ್ಗೆ ರೋಗಿಗಳನ್ನು ನೋಡಿದರೆ ಯಾರಿಗೂ ನಷ್ಟವಿಲ್ಲ. ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಮಸೂದೆ ಸದನಕ್ಕೆ ಬಂದ ದಿನ, ದೊಡ್ಡ ಆಸ್ಪತ್ರೆಯ ಒಡೆಯರಾದ ಶಾಸಕರು ಆ ಸಂಗತಿ ಹೇಳದೆ ಅದರ ವಿರುದ್ಧ ಭಾಷಣ ಮಾಡಿದರೆ ನಷ್ಟವಿದೆ. ಕಾಲೇಜು ನಡೆಸುವವರಿಗೂ ಇದೇ ಮಾತು: ಶುಲ್ಕ, ಅನುದಾನ, ಮಾನ್ಯತೆ ಇವೆಲ್ಲ ಸರ್ಕಾರದ ಕೈಯಲ್ಲಿವೆ.

ಸಚಿವರಾದವರಿಗೆ ನಿಯಮ ಬೇರೆ. ಕೇಂದ್ರ ಗೃಹ ಸಚಿವಾಲಯದ ನೀತಿ ಸಂಹಿತೆಯಂತೆ, ಅಧಿಕಾರ ವಹಿಸಿಕೊಂಡ ಸಚಿವರು ಮಾಲೀಕತ್ವ ಉಳಿಸಿಕೊಂಡರೂ ವ್ಯವಹಾರದ ನಿರ್ವಹಣೆಯಿಂದ ಪೂರ್ತಿ ದೂರ ಸರಿಯಬೇಕು. ರಾಜ್ಯಗಳ ಸಚಿವರಿಗೂ ಇದು ಅನ್ವಯ. ಆದರೆ ಅದು ಕಾಯ್ದೆಯಲ್ಲ, ಮುರಿದರೆ ಶಿಕ್ಷೆಯಿಲ್ಲ, ಪಾಲನೆಯಾಯಿತೇ ಎಂದು ನೋಡಬೇಕಾದವರು ಮುಖ್ಯಮಂತ್ರಿ ಅಥವಾ ಪ್ರಧಾನಿ.

ಖಾಸಗಿಯವರಿಂದ ಹಣ ಪಡೆದು ಅವರ ಪರವಾಗಿ ಸದನದಲ್ಲಿ ಮಾತಾಡುವುದು ಉದ್ಯೋಗವಲ್ಲ, ಲಂಚ. 1951ರಲ್ಲೇ, ಇನ್ನೂ ತಾತ್ಕಾಲಿಕ ಸಂಸತ್ತು ಇದ್ದಾಗ, ಎಚ್.ಜಿ. ಮುದ್ಗಲ್ ಎಂಬ ಸದಸ್ಯರು ಮುಂಬಯಿಯ ಚಿನಿವಾರ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಅವರ ಪರ ಪ್ರಶ್ನೆ ಎತ್ತಿದ ಪ್ರಕರಣದಲ್ಲಿ ಸ್ಥಾನ ಬಿಡಬೇಕಾಯಿತು. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ 11 ಸಂಸದರನ್ನು ಉಚ್ಚಾಟಿಸಲಾಯಿತು. ಸದನದೊಳಗಿನ ಮಾತು ಮತ್ತು ಮತಕ್ಕಾಗಿ ಲಂಚ ಪಡೆದವರಿಗೆ ಸಂಸದೀಯ ರಕ್ಷಣೆ ಸಿಗದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಹೇಳಿ, 1998ರ ತನ್ನದೇ ತೀರ್ಪನ್ನು ಬದಿಗೆ ಸರಿಸಿತು. ಕಷ್ಟವಿರುವುದು ಲಂಚಕ್ಕೂ ಶುಲ್ಕಕ್ಕೂ ನಡುವಿನ ಜಾಗದಲ್ಲಿ. ಕಂಪನಿಯೊಂದು ಶಾಸಕರನ್ನು ಸಲಹೆಗಾರರೆಂದು ನೇಮಿಸಿಕೊಂಡು ತಿಂಗಳು ತಿಂಗಳು ಹಣ ಕೊಡುತ್ತದೆ, ರಸೀದಿ ಇದೆ, ತೆರಿಗೆ ಕಟ್ಟಲಾಗಿದೆ. ಆಗ ಅದು ಏನು? ಬ್ರಿಟನ್ನಿನಲ್ಲಿ ಓವನ್ ಪ್ಯಾಟರ್ಸನ್ ಎಂಬ ಸಂಸದರು ತಮಗೆ ಹಣ ಕೊಡುತ್ತಿದ್ದ ಎರಡು ಕಂಪನಿಗಳ ಪರ ಸರ್ಕಾರಿ ಸಂಸ್ಥೆಗಳ ಮೇಲೆ ಪ್ರಭಾವ ಬೀರಿದ್ದಕ್ಕಾಗಿ 2021ರಲ್ಲಿ 30 ದಿನಗಳ ಅಮಾನತಿನ ಶಿಫಾರಸಿಗೆ ಗುರಿಯಾಗಿ ಕೊನೆಗೆ ರಾಜೀನಾಮೆ ಕೊಟ್ಟರು. ಆ ಹಣದ ವಿವರವನ್ನು ಅವರೇ ಸಂಸದರ ಹಿತಾಸಕ್ತಿಗಳ ನೋಂದಣಿ ಪುಸ್ತಕದಲ್ಲಿ ಬರೆದಿದ್ದರು, ಆದ್ದರಿಂದ ಎರಡು ಮತ್ತು ಎರಡು ಕೂಡಿಸಲು ಪತ್ರಕರ್ತರಿಗೆ ಸಾಧ್ಯವಾಯಿತು.

ನಮ್ಮಲ್ಲಿ ರಾಜ್ಯಸಭೆ ಅಂಥದೊಂದು ಪುಸ್ತಕ ಇಡುತ್ತದೆ: ಸಂಭಾವನೆಯುಳ್ಳ ನಿರ್ದೇಶಕ ಹುದ್ದೆ, ನಿಯತ ಸಂಭಾವನೆಯ ಚಟುವಟಿಕೆ, ನಿಯಂತ್ರಣ ಕೊಡುವಷ್ಟು ಷೇರು, ಹಣ ಪಡೆಯುವ ಸಲಹೆಗಾರಿಕೆ, ವೃತ್ತಿಪರ ಕೆಲಸ ಇವನ್ನು ಸದಸ್ಯರು ಅದರಲ್ಲಿ ಘೋಷಿಸಬೇಕು. ಲೋಕಸಭೆಯ 371ನೆಯ ನಿಯಮದಂತೆ ನೇರ ಆರ್ಥಿಕ ಹಿತಾಸಕ್ತಿ ಇರುವ ಸದಸ್ಯರ ಮತವನ್ನು ಪ್ರಶ್ನಿಸಬಹುದು. ನಮ್ಮ ವಿಧಾನಸಭೆಯ, ವಿಧಾನ ಪರಿಷತ್ತಿನ ಪ್ರತಿಯೊಬ್ಬ ಸದಸ್ಯರೂ ವರ್ಷಕ್ಕೊಮ್ಮೆ ಇಂಥ ಘೋಷಣೆ ಮಾಡಬೇಕು, ಅದು ಜಾಲತಾಣದಲ್ಲಿ ಎಲ್ಲರಿಗೂ ಸಿಗಬೇಕು, ಹಿತಾಸಕ್ತಿ ಇರುವ ವಿಷಯದಲ್ಲಿ ಮಾತಿಗೆ ಮುಂಚೆ ಅದನ್ನು ಹೇಳಬೇಕು, ಮತದಿಂದ ದೂರ ನಿಲ್ಲಬೇಕು ಎಂಬುದು ನನ್ನ ಆಗ್ರಹ. ಜೊತೆಗೆ ಪಾಲಿಕೆ ಸದಸ್ಯರಿಗೆ ಅನ್ವಯಿಸುವ ‘ನೇರ ಅಥವಾ ಪರೋಕ್ಷ’ ಎಂಬ ಅಳತೆಗೋಲನ್ನು 9ಎ ಕಲಮಿಗೂ ತರಬೇಕು. ಇದಕ್ಕೆ ಸಂಸತ್ತೇ ತಿದ್ದುಪಡಿ ಮಾಡಬೇಕಾದ್ದರಿಂದ ಧಾರವಾಡ ಮತ್ತು ಹಾವೇರಿಯ ಸಂಸದರನ್ನು ಕೇಳುವುದು ಸರಿಯಾದ ದಾರಿ. ಘೋಷಣೆಯ ನಿಯಮವನ್ನಾದರೆ ನಮ್ಮ ವಿಧಾನಮಂಡಲವೇ ಮಾಡಿಕೊಳ್ಳಬಹುದು.

ಅಲ್ಲಿಯವರೆಗೆ ನಿಮ್ಮ ಕೈಗೆ ಸಿಗುವ ದಾಖಲೆ ಎಂದರೆ ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ. ಅದು ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಬಹುತೇಕ ಓದುಗರು ಆಸ್ತಿಯ ಮೊತ್ತ ನೋಡಿ ಮುಚ್ಚಿಬಿಡುತ್ತಾರೆ. ನೀವು ಒಂಬತ್ತನೆಯ ಕಲಮಿನ ಹತ್ತಿರ ನಿಲ್ಲಿ. ಅಲ್ಲಿ ಅಭ್ಯರ್ಥಿಯ ಮತ್ತು ಸಂಗಾತಿಯ ವೃತ್ತಿ ಬರೆದಿರುತ್ತದೆ, ಬಹಳಷ್ಟು ಸಲ ಕೃಷಿ, ಸಮಾಜಸೇವೆ ಎಂದಷ್ಟೇ ಇರುತ್ತದೆ. ಅದರ ಕೆಳಗೆ ಆದಾಯದ ಮೂಲಗಳು, ಅದಕ್ಕೂ ಕೆಳಗೆ ಸರ್ಕಾರದೊಂದಿಗಿನ ಒಪ್ಪಂದಗಳು ಇರಬೇಕು. ಲೋಕ ಪ್ರಹರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಕೊಟ್ಟ ತೀರ್ಪಿನ ನಂತರ, ಅಭ್ಯರ್ಥಿಯ ಒಪ್ಪಂದವಷ್ಟೇ ಅಲ್ಲ, ಸಂಗಾತಿ, ಅವಲಂಬಿತರು, ಅವಿಭಕ್ತ ಕುಟುಂಬ, ಪಾಲುದಾರಿಕೆ ಸಂಸ್ಥೆ, ಷೇರು ಇರುವ ಖಾಸಗಿ ಕಂಪನಿ ಇವುಗಳ ಒಪ್ಪಂದಗಳನ್ನೂ ಅಲ್ಲಿ ತೋರಿಸಬೇಕಾಗಿದೆ. ಅಂದರೆ ಹೆಂಡತಿಯ ಹೆಸರಿನ ಗುತ್ತಿಗೆ ಅನರ್ಹತೆ ತರದಿದ್ದರೂ ಅದನ್ನು ಮುಚ್ಚಿಡುವಂತಿಲ್ಲ; ಸುಳ್ಳು ಬರೆದರೆ ಅಥವಾ ಮರೆಮಾಚಿದರೆ 125ಎ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ ಆಗಬಹುದು. ಕೊರತೆ ಎಂದರೆ ಈ ಪ್ರಮಾಣಪತ್ರ ಐದು ವರ್ಷಕ್ಕೊಮ್ಮೆ ಮಾತ್ರ, ಗೆದ್ದ ಮೇಲೆ ಶುರುವಾದ ವ್ಯವಹಾರ ಅದರಲ್ಲಿ ಇರುವುದಿಲ್ಲ. ಪ್ರತಿವರ್ಷ ಜೂನ್ 30ರೊಳಗೆ ಶಾಸಕರು ತಮ್ಮ ಹಾಗೂ ಕುಟುಂಬದವರ ಆಸ್ತಿ–ಹೊಣೆಗಳ ವಿವರವನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕೆಂದು 1984ರ ಲೋಕಾಯುಕ್ತ ಕಾಯ್ದೆಯ 22ನೆಯ ಕಲಮು ಹೇಳುತ್ತದೆ. ಸಲ್ಲಿಸಿದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನು ದೂರು. ನಿಮ್ಮ ವಾರ್ಡಿನ ಸದಸ್ಯರ ವಿಷಯವಾದರೆ, ಪಾಲಿಕೆ ಕಾಯ್ದೆಯ 26ನೆಯ ಕಲಮಿನಡಿ ಬೆಳಗಾವಿಯ ಪ್ರಾದೇಶಿಕ ಆಯುಕ್ತರಿಗೆ ಅರ್ಜಿ ಕೊಡಬೇಕು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳು ಅವರ ವ್ಯಾಪ್ತಿಗೆ ಬರುತ್ತವೆ. ಶಾಸಕರು ಗೆದ್ದ ನಂತರ ಹುದ್ದೆಯನ್ನೋ ಗುತ್ತಿಗೆಯನ್ನೋ ಪಡೆದಿದ್ದರೆ ಅರ್ಜಿ ರಾಜ್ಯಪಾಲರಿಗೆ ಹೋಗಬೇಕು. 192ನೆಯ ವಿಧಿಯಂತೆ ಅವರು ಚುನಾವಣಾ ಆಯೋಗದ ಅಭಿಪ್ರಾಯ ಪಡೆದು ಅದರಂತೆಯೇ ತೀರ್ಮಾನ ಮಾಡುತ್ತಾರೆ. ಗೆಲ್ಲುವ ಮೊದಲೇ ಇದ್ದ ಅನರ್ಹತೆಗೆ ಈ ದಾರಿ ಇಲ್ಲ, ಫಲಿತಾಂಶ ಘೋಷಣೆಯಾದ 45 ದಿನಗಳೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿಯನ್ನೇ ಹಾಕಬೇಕು. ಯಾವ ದಾರಿ ಹಿಡಿದರೂ ‘ಎಲ್ಲರಿಗೂ ಗೊತ್ತಿರುವ ಸಂಗತಿ’ ಎಂದು ಬರೆದ ಅರ್ಜಿ ನಿಲ್ಲುವುದಿಲ್ಲ. ಮಾಹಿತಿ ಹಕ್ಕಿನಡಿ ಕೆಲಸದ ಆದೇಶದ ಪ್ರತಿ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಬಿಲ್ಲು ಪಾವತಿಯ ವಿವರ, ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಅದರ ನೋಂದಣಿ ಪತ್ರ, ಕಂಪನಿಯಾಗಿದ್ದರೆ ನಿರ್ದೇಶಕರ ಪಟ್ಟಿ ಇಷ್ಟನ್ನು ಮೊದಲು ಪಡೆದುಕೊಳ್ಳಿ. ನೀವು ಸರ್ಕಾರಿ ನೌಕರರಾದ್ದರಿಂದ ನಡತೆ ನಿಯಮಗಳ ತೊಡಕಿಗೆ ಸಿಕ್ಕಿಕೊಳ್ಳದಿರಲು, ಅರ್ಜಿಯನ್ನು ನಿಮ್ಮ ವಾರ್ಡಿನ ಬೇರೊಬ್ಬ ಮತದಾರರ ಹೆಸರಿನಲ್ಲಿ, ಅವರ ಪೂರ್ಣ ಒಪ್ಪಿಗೆಯೊಂದಿಗೆ ಸಲ್ಲಿಸುವುದು ಒಳ್ಳೆಯದು.